ಎಲ್ಲ ಜ್ಞಾನವೂ ಒಂದೇ ಗ್ರಾಫಿನಲ್ಲಿ ಇರಬೇಕೆ? 9 ಕೋಟಿ ಟ್ರಿಪಲ್ ಆದಮೇಲೆ ಕ್ವೆರಿಗೆ 40 ಸೆಕೆಂಡ್

ತೋಟದ_ಗ್ರಾಫ್ (ಪ್ರಶ್ನೆ)

ಅಡಿಕೆಯ ಕೊಳೆರೋಗಕ್ಕೆ ಮುನ್ಸೂಚನೆ ಮತ್ತು ಸಿಂಪಡಣೆಯ ಸಲಹೆ ಕೊಡುವ ತಂತ್ರಾಂಶದ ವಿನ್ಯಾಸದ ಪ್ರಶ್ನೆ ಇದು. ಬೆಳೆ, ರೋಗ, ಔಷಧ, ಮಣ್ಣು, ಊರು, ಹವಾಮಾನ ಎಲ್ಲವೂ ಒಂದೇ ಆರ್‌ಡಿಎಫ್ ಗ್ರಾಫಿನಲ್ಲಿವೆ, ಅಂದರೆ ಪ್ರತಿ ಮಾತೂ ವಸ್ತು, ಸಂಬಂಧ, ಬೆಲೆ ಎಂಬ ಮೂರು ಭಾಗದ ಒಂದು ಟ್ರಿಪಲ್. ಮುಂದೆ ಯಾವ ಹೊಸ ಬಗೆಯ ಪ್ರಶ್ನೆ ಬಂದರೂ ಟೇಬಲ್ ಬದಲಿಸುವ ಪ್ರಮೇಯ ಬರಬಾರದು ಅನ್ನುವುದು ಉದ್ದೇಶ.

ಸಂಗ್ರಹಕ್ಕೆ ಅಪಾಚೆ ಜೆನಾದ ಟಿಡಿಬಿ2 ಎಂಬ ಟ್ರಿಪಲ್ ಡೇಟಾಬೇಸ್. ಆಂಟಾಲಜಿಯಲ್ಲಿ (ಪರಿಕಲ್ಪನೆಗಳು ಮತ್ತು ಅವುಗಳ ಸಂಬಂಧದ ನಿಯಮಗಳ ಪಟ್ಟಿ) ಸುಮಾರು 4,200 ಕ್ಲಾಸ್, ಅಂದರೆ ವಸ್ತುಗಳ ಬಗೆ. 60 ಹವಾಮಾನ ಕೇಂದ್ರಗಳಿಂದ 15 ನಿಮಿಷಕ್ಕೊಮ್ಮೆ 6 ಅಳತೆ ಬರುತ್ತವೆ: ಮಳೆ, ಉಷ್ಣತೆ, ಆರ್ದ್ರತೆ, ಎಲೆಯ ತೇವ, ಗಾಳಿ, ಬಿಸಿಲು. ಪ್ರತಿ ಅಳತೆಯೂ ಸೋಸಾ ಎಂಬ ಸಂವೇದಕ ದತ್ತಾಂಶದ ಪ್ರಮಾಣಿತ ಮಾದರಿಯ ಒಂದು ಅಬ್ಸರ್ವೇಶನ್. ಅದಕ್ಕೆ 7 ಟ್ರಿಪಲ್. ಯಾವ ಮೂಲದಿಂದ ಬಂತು ಎಂದು ತಿಳಿಯಲು ಎಲ್ಲವೂ ನೇಮ್ಡ್ ಗ್ರಾಫ್‌ಗಳಲ್ಲಿ, ಅಂದರೆ ಹೆಸರಿಟ್ಟ ಉಪಗ್ರಾಫ್‌ಗಳಲ್ಲಿವೆ. ರೀಸನರ್ (ಬರೆದದ್ದರಿಂದ ಹೊಸ ನಿರ್ಣಯ ತೆಗೆಯುವ ತಂತ್ರಾಂಶ) ಹರ್ಮಿಟ್. ಯಂತ್ರದ ಮೆಮೊರಿ 32 ಜಿಬಿ, ಅದರಲ್ಲಿ ಜಾವಾ ಹೀಪ್‌ಗೆ (ಜಾವಾ ಪ್ರೋಗ್ರಾಮಿನ ಸ್ವಂತ ಮೆಮೊರಿಗೆ) 28 ಜಿಬಿ ಕೊಟ್ಟಿದೆ.

ಒಂದು ವರ್ಷದ ದತ್ತಾಂಶ ಸೇರಿ ಈಗ ಸುಮಾರು 9 ಕೋಟಿ ಟ್ರಿಪಲ್. “ಈ ತಾಲ್ಲೂಕಿನಲ್ಲಿ ಕಳೆದ 5 ದಿನ ಕೊಳೆರೋಗಕ್ಕೆ ಅನುಕೂಲ ಹವೆ ಇದ್ದ, ಈ ಸಾಲಿನ ಎರಡನೇ ಸಿಂಪಡಣೆ ಇನ್ನೂ ಆಗದ ತೋಟಗಳು ಯಾವುವು” ಎಂಬ ಕ್ವೆರಿಗೆ 40 ಸೆಕೆಂಡ್ ಹಿಡಿಯುತ್ತಿದೆ. ಹರ್ಮಿಟ್ ಮೆಮೊರಿ ಸಾಲದೆ ನಿಂತುಹೋಗುತ್ತದೆ. ಡಿಸ್ಕಿನಲ್ಲಿ ಡೇಟಾಬೇಸ್ ಟ್ರಿಪಲ್‌ಗಳ ಸಂಖ್ಯೆಗೆ ತಾಳೆಯಾಗದಷ್ಟು ವೇಗವಾಗಿ ಬೆಳೆಯುತ್ತಿದೆ. ಇನ್ನೂ ದೊಡ್ಡ ಯಂತ್ರ ಹಾಕಬೇಕೋ, ಅಥವಾ ಸಾರ್ವತ್ರಿಕ ನಿರೂಪಣೆಯ ಆಸೆಯನ್ನೇ ಬಿಟ್ಟು ಪ್ರಶ್ನೆಗೊಂದು ಟೇಬಲ್ ಮಾಡಬೇಕೋ? ನಡುವೆ ದಾರಿ ಇದ್ದರೆ ಗೆರೆ ಎಲ್ಲಿ ಎಳೆಯಬೇಕು?

ಪಣತ

ಗೆರೆ ಎಲ್ಲಿ ಎಳೆಯಬೇಕೆಂದು ನಿಮ್ಮ ಅಂಕಿಗಳೇ ತೋರಿಸುತ್ತವೆ, ಲೆಕ್ಕ ಹಾಕಿ ನೋಡೋಣ. 60 ಕೇಂದ್ರ, ದಿನಕ್ಕೆ 96 ಸಲ, 6 ಅಳತೆ: ದಿನಕ್ಕೆ 34,560, ವರ್ಷಕ್ಕೆ 1,26,14,400. ತಲಾ 7 ಟ್ರಿಪಲ್ ಹಿಡಿದರೆ 8.83 ಕೋಟಿ. ಅಂದರೆ ನಿಮ್ಮ 9 ಕೋಟಿಯಲ್ಲಿ ಬೆಳೆ, ರೋಗ, ಔಷಧ, ಊರು, ತೋಟ ಎಲ್ಲ ಸೇರಿ 20 ಲಕ್ಷವೂ ಆಗುವುದಿಲ್ಲ. ಮಿಕ್ಕಿದ್ದೆಲ್ಲ ಅಂಕಿಗಳ ಸರಣಿ.

ಆ ಸರಣಿಗೆ ನೀವು ತೆರುತ್ತಿರುವ ಬೆಲೆ ನೋಡಿ. ಟಿಡಿಬಿ2 ಡೀಫಾಲ್ಟ್ (ಹೆಸರಿಲ್ಲದ) ಗ್ರಾಫಿಗೆ ಮೂರು ಇಂಡೆಕ್ಸ್ (ಹುಡುಕುವ ಸೂಚಿ) ಇಟ್ಟರೆ ನೇಮ್ಡ್ ಗ್ರಾಫ್‌ಗಳಿಗೆ ಆರು ಇಡುತ್ತದೆ. ಟ್ರಿಪಲಿನ ಒಂದೊಂದು ಭಾಗದ ಗುರುತಾದ ನೋಡ್ ಐಡಿಗೆ 8 ಬೈಟ್; ನೇಮ್ಡ್ ಗ್ರಾಫಿನಲ್ಲಿ ಗ್ರಾಫಿನ ಹೆಸರೂ ಸೇರಿ ನಾಲ್ಕು ಭಾಗ. ಡೀಫಾಲ್ಟ್ ಗ್ರಾಫಿನಲ್ಲಿ ಒಂದು ಟ್ರಿಪಲ್‌ಗೆ 3 × 24 = 72 ಬೈಟ್ ಸಾಕು; ನೇಮ್ಡ್ ಗ್ರಾಫಿನಲ್ಲಿ 6 × 32 = 192 ಬೈಟ್ ಬೇಕು. 8.83 ಕೋಟಿಗೆ ಸುಮಾರು 17 ಜಿಬಿ, ಅದೂ ಇಂಡೆಕ್ಸ್ ಕೂರುವ ಬಿ-ಪ್ಲಸ್ ಟ್ರೀ ಎಂಬ ಮರದ ರಚನೆಯ ಪುಟಗಳೆಲ್ಲ ಕಂಠಪೂರ್ತಿ ತುಂಬಿದ್ದರೆ. ಇದರ ಮೇಲೆ 1.26 ಕೋಟಿ ಅಬ್ಸರ್ವೇಶನ್‌ಗಳ ಹೆಸರು. ಒಂದೊಂದು ಐಆರ್‌ಐ (ವೆಬ್ ವಿಳಾಸದಂಥ ಹೆಸರು) 60 ಅಕ್ಷರ ಇದ್ದರೆ ಅದೇ 750 ಎಂಬಿ ದಾಟುತ್ತದೆ. ಆ ಹೆಸರನ್ನು ಯಾರೂ ಎಂದೂ ಹೆಸರಿಟ್ಟು ಕೇಳುವುದಿಲ್ಲ. (ದಿನಾಂಕ, ಪೂರ್ಣಾಂಕ, ದಶಮಾಂಶಗಳನ್ನು ಟಿಡಿಬಿ2 ನೋಡ್ ಐಡಿಯೊಳಗೇ ಹುದುಗಿಸುವುದರಿಂದ ಅವಕ್ಕೆ ಬೇರೆ ಖರ್ಚಿಲ್ಲ.)

ಅದೇ ಸರಣಿಯನ್ನು ಸಾದಾ ಟೇಬಲ್ ಮಾಡಿ: ಕೇಂದ್ರದ ಸಂಖ್ಯೆಗೆ 2 ಬೈಟ್, ಸಮಯಕ್ಕೆ 8, ಆರು ಅಳತೆಗೆ ತಲಾ 4. ಒಂದು ಸಾಲಿಗೆ 34 ಬೈಟ್. ವರ್ಷಕ್ಕೆ 21,02,400 ಸಾಲು. ಒಟ್ಟು ಸುಮಾರು 71 ಎಂಬಿ, ಕುಗ್ಗಿಸುವ ಮೊದಲೇ. 17 ಜಿಬಿ ಎಲ್ಲಿ, 71 ಎಂಬಿ ಎಲ್ಲಿ. ಈ ಅಂತರವನ್ನು ಯಾವ ಇಂಡೆಕ್ಸ್ ಜಾಣ್ಮೆಯೂ ಮುಚ್ಚಲಾರದು.

ಹಾಗಾಗಿ ಗ್ರಾಫಿನಲ್ಲಿ ಕೇಂದ್ರ, ಸಂವೇದಕ, ಅಳತೆಯ ಮಾನ, ಸ್ಥಳ ಇರಲಿ. ಸಂವೇದಕಕ್ಕೆ ಒಂದು ಪ್ರಾಪರ್ಟಿ ಸೇರಿಸಿ, ಅದರ ಬೆಲೆ ಟೇಬಲಿನ ಕೀಲಿ. ಅಂಕಿಗಳಿಂದ ಹುಟ್ಟುವ ಅರ್ಥ ಮಾತ್ರ ಗ್ರಾಫಿಗೆ ವಾಪಸ್ ಬರಲಿ. ಸತತ ಮಳೆ, ಶೇ. 90 ದಾಟಿದ ಆರ್ದ್ರತೆ, 20ರಿಂದ 23 ಡಿಗ್ರಿ ಆಸುಪಾಸಿನ ಉಷ್ಣತೆ, ಹೀಗೆ ನಿಮ್ಮ ರೋಗತಜ್ಞರು ಕೊಟ್ಟ ಮಿತಿಗಳನ್ನು ಟೇಬಲ್ ಮೇಲೆ ಲೆಕ್ಕ ಹಾಕಿ, “ಈ ಕೇಂದ್ರದಲ್ಲಿ ಈ ದಿನ ಕೊಳೆರೋಗಕ್ಕೆ ಅನುಕೂಲ ಹವೆ” ಎಂಬ ಘಟನೆಯನ್ನು ಗ್ರಾಫಿಗೆ ಬರೆಯಿರಿ. ವರ್ಷವಿಡೀ ಎಲ್ಲ ಕೇಂದ್ರಗಳಲ್ಲೂ ದಿನವೂ ಘಟನೆ ಆಯಿತು ಎಂದುಕೊಂಡರೂ 21,900. ತಲಾ 5 ಟ್ರಿಪಲ್ ಅಂದರೆ 1.1 ಲಕ್ಷ. ತರ್ಕ ಕೆಲಸ ಮಾಡಬೇಕಾದ್ದು ಇದರ ಮೇಲೆ.

ಇದು ಸಾರ್ವತ್ರಿಕತೆ ಬಿಟ್ಟಂತೆ ಅಲ್ಲ. ಏನನ್ನು ಬೇಕಾದರೂ ನಿರೂಪಿಸಬೇಕು ಎಂಬ ಹಟದಿಂದಲೇ ಕಟ್ಟಿದ ಓಪನ್‌ಕಾಗ್ ಎಂಬ ಕೃತಕ ಬುದ್ಧಿಮತ್ತೆ ಯೋಜನೆಯ ಆಟಮ್‌ಸ್ಪೇಸ್ ಸಂಗ್ರಹ ಕೂಡ ಇದೇ ಗೆರೆ ಎಳೆದಿದೆ. ಅಲ್ಲಿ ಆಟಮ್ ಎಂಬುದು ಬದಲಾಗದ್ದು, ಇಡೀ ಸಂಗ್ರಹದಲ್ಲಿ ಒಂದೇ ಪ್ರತಿ ಇರುವಂಥದ್ದು, ಇಂಡೆಕ್ಸ್ ಆಗುವಂಥದ್ದು. ಹುಡುಕಲು ಚೆನ್ನ, ಆದರೆ ಸೇರಿಸಲು ದುಬಾರಿ. ಕ್ಷಣಕ್ಷಣಕ್ಕೂ ಬದಲಾಗುವುದನ್ನು ಆಟಮ್‌ಗೆ ಅಂಟಿಸಿದ ವ್ಯಾಲ್ಯೂ ಆಗಿ ಇಡುತ್ತಾರೆ. ಅದಕ್ಕೆ ಇಂಡೆಕ್ಸ್ ಇಲ್ಲ, ಬದಲಿಸಲು ಅಗ್ಗ. ನಿಮ್ಮ 15 ನಿಮಿಷದ ಅಳತೆ ವ್ಯಾಲ್ಯೂ. ನೀವು ಅದನ್ನು ಆಟಮ್ ಮಾಡಿದ್ದೀರಿ.

ಇನ್ನೆರಡು ವಿಷಯ ಇವತ್ತೇ ಸರಿಮಾಡಬಹುದು. 32 ಜಿಬಿಯಲ್ಲಿ 28 ಜಿಬಿಯನ್ನು ಹೀಪ್‌ಗೆ ಕೊಟ್ಟದ್ದು ಉಲ್ಟಾ ಹೊಡೆಯುತ್ತದೆ. ಟಿಡಿಬಿ2 ತನ್ನ ಇಂಡೆಕ್ಸ್ ಕಡತಗಳನ್ನು ಮೆಮೊರಿ ಮ್ಯಾಪ್ ಮಾಡಿ ಓದುತ್ತದೆ. ಅವು ಕೂರುವುದು ಆಪರೇಟಿಂಗ್ ಸಿಸ್ಟಮ್‌ನ ಕಡತ ಕ್ಯಾಶ್‌ನಲ್ಲಿ, ಹೀಪ್‌ನಲ್ಲಿ ಅಲ್ಲ. ಹೀಪ್ 4 ಜಿಬಿಗೆ ಇಳಿಸಿ, ಉಳಿದದ್ದನ್ನು ಖಾಲಿ ಬಿಡಿ. ಎರಡನೆಯದು ಡಿಸ್ಕ್. ಟಿಡಿಬಿ2 ಇದ್ದ ಪುಟವನ್ನು ತಿದ್ದುವುದಿಲ್ಲ, ನಕಲು ಮಾಡಿ ಹೊಸದಾಗಿ ಬರೆಯುತ್ತದೆ. 15 ನಿಮಿಷಕ್ಕೊಮ್ಮೆ ಕೇಂದ್ರಕ್ಕೊಂದು ಸಣ್ಣ ಟ್ರಾನ್ಸಾಕ್ಷನ್ ಮಾಡಿದರೆ ಪ್ರತಿ ಸಲವೂ ಆರೂ ಮರಗಳಲ್ಲಿ ಬೇರಿನಿಂದ ಎಲೆಯವರೆಗಿನ 8 ಕೆಬಿ ಪುಟಗಳು ಮತ್ತೆ ಹುಟ್ಟುತ್ತವೆ, ಹಳೆಯವು ಕಸವಾಗಿ ಉಳಿಯುತ್ತವೆ. ಕಾಂಪ್ಯಾಕ್ಟ್ ಆಜ್ಞೆ ಕೊಡುವವರೆಗೂ ಜಾಗ ಮರಳುವುದಿಲ್ಲ.

ನಿಗಮನ

ಪಣತ ಅವರು ಗಾತ್ರದ ಮಾತು ಮುಗಿಸಿದ್ದಾರೆ. ಆದರೆ ಸರಣಿಯನ್ನು ಹೊರಗಿಟ್ಟ ಮಾತ್ರಕ್ಕೆ ಹರ್ಮಿಟ್ ಸರಿಹೋಗುತ್ತದೆಂದು ಭರವಸೆ ಇಡಬೇಡಿ. ಅಲ್ಲಿ ತೊಂದರೆ ಭಾಷೆಯದ್ದು.

1984ರಲ್ಲಿ ಜ್ಞಾನ ನಿರೂಪಣೆಯ ಸಂಶೋಧಕರಾದ ಬ್ರಾಖ್‌ಮನ್ ಮತ್ತು ಲೆವೆಕ್ ತೋರಿಸಿದ ಫಲಿತಾಂಶ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಕ್ಲಾಸ್‌ಗಳನ್ನು ವಿವರಿಸುವ ಒಂದು ಪುಟ್ಟ ಫ್ರೇಮ್ ಭಾಷೆಯಲ್ಲಿ “ಈ ಕ್ಲಾಸ್ ಆ ಕ್ಲಾಸಿನ ಒಳಗೆ ಬರುತ್ತದೆಯೇ” ಎಂಬುದನ್ನು ಬಹುಪದೀಯ ಸಮಯದಲ್ಲಿ (ಗಾತ್ರ ಬೆಳೆದರೂ ತಾಳಬಹುದಾದ ಸಮಯದಲ್ಲಿ) ಹೇಳಬಹುದು. ಅದಕ್ಕೆ ಸಂಬಂಧವನ್ನು ನಿರ್ಬಂಧಿಸುವ ಒಂದೇ ಒಂದು ರಚನೆ ಸೇರಿಸಿದರೆ ಅದೇ ಪ್ರಶ್ನೆ ಕೋ-ಎನ್‌ಪಿ ಕಠಿಣ, ಅಂದರೆ ವೇಗದ ಸಾಮಾನ್ಯ ವಿಧಾನ ಗೊತ್ತಿಲ್ಲದ ಬಗೆಯದು ಆಗುತ್ತದೆ. ಒಂದು ಪದ ಹೆಚ್ಚಿದ್ದಕ್ಕೆ ಇಷ್ಟು ಬೆಲೆ. ಕೆಎಲ್-ಒನ್ ಎಂಬ ವ್ಯವಸ್ಥೆಯಲ್ಲಂತೂ ಆ ಪ್ರಶ್ನೆ ನಿರ್ಣಯಿಸಲಾಗದ್ದು ಎಂದು 1989ರಲ್ಲಿ ಸಾಬೀತಾಯಿತು. ನೀವು ಬಳಸುತ್ತಿರುವ ಔಲ್ 2 ಡಿಎಲ್ ಎಂಬ ಆಂಟಾಲಜಿ ಭಾಷೆ ನಿರ್ಣಯಿಸಬಹುದಾದದ್ದು, ನಿಜ. ಆದರೆ ಕೆಟ್ಟ ಸಂದರ್ಭದಲ್ಲಿ ಅದರ ಬೆಲೆ ಎರಡು ಹಂತದ ಘಾತೀಯ. ಹಾಗಾಗಿ “ದೊಡ್ಡ ಯಂತ್ರ” ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಮೆಮೊರಿ ಎರಡು ಪಟ್ಟು ಮಾಡಿದರೆ ಇನ್ನೆರಡು ಮೂರು ಆಕ್ಸಿಯಂಗೆ (ಆಂಟಾಲಜಿಯ ನಿಯಮಕ್ಕೆ) ಜಾಗ ಸಿಗಬಹುದು, ಅಷ್ಟೇ.

ಮಾಡಬೇಕಾದ್ದು ಇಷ್ಟು. ಮೊದಲು ಆಂಟಾಲಜಿಯನ್ನು ಬಿಡಿ ವಸ್ತುಗಳಿಂದ ಬೇರ್ಪಡಿಸಿ. 4,200 ಕ್ಲಾಸ್ ಮತ್ತು ಅವುಗಳ ಆಕ್ಸಿಯಂಗಳು ಮಾತ್ರ ಒಂದು ಕಡತದಲ್ಲಿ. ತೋಟ, ಕೇಂದ್ರ, ಘಟನೆ ಯಾವುದೂ ರೀಸನರ್‌ಗೆ ಹೋಗಬಾರದು. ನಂತರ ರೋಬಾಟ್ ಎಂಬ ಕಮಾಂಡ್ ಲೈನ್ ಸಾಧನದ ವ್ಯಾಲಿಡೇಟ್-ಪ್ರೊಫೈಲ್ ಆಜ್ಞೆಗೆ ಇಎಲ್ (ಔಲ್‌ನ ಹಗುರ ಉಪಭಾಷೆ) ಎಂದು ಕೊಟ್ಟು ಓಡಿಸಿ. ಇಎಲ್ ಮಿತಿ ದಾಟಿದ ಆಕ್ಸಿಯಂಗಳ ಪಟ್ಟಿ ಬರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಕಾಣುವವು: “ಮಾತ್ರ” ಎಂಬ ನಿರ್ಬಂಧ, “ಕನಿಷ್ಠ 2” ಥರದ ಎಣಿಕೆ, “ಇದು ಅಥವಾ ಅದು”, ನಿಷೇಧ, ವಿಲೋಮ ಸಂಬಂಧ, ಫಂಕ್ಷನಲ್ (ಒಂದೇ ಬೆಲೆ ಇರಬಲ್ಲ) ಸಂಬಂಧ.

ಪ್ರತಿಯೊಂದರ ಮುಂದೆಯೂ ಕೇಳಿಕೊಳ್ಳಿ: ಇದರಿಂದ ಹೊಸ ನಿರ್ಣಯ ಹುಟ್ಟಬೇಕೋ, ಅಥವಾ ತಪ್ಪು ದತ್ತಾಂಶ ಒಳಬರದಂತೆ ತಡೆಯಬೇಕೋ? “ಪ್ರತಿ ಸಿಂಪಡಣೆಗೂ ಒಂದೇ ದಿನಾಂಕ”, “ಪ್ರತಿ ಶಿಫಾರಸಿಗೂ ಕನಿಷ್ಠ ಒಂದು ಪ್ರಮಾಣ” ಇವೆಲ್ಲ ಎರಡನೇ ಬಗೆ. ಔಲ್‌ನಲ್ಲಿ ಹೀಗೆ ಬರೆದವರು ತಪ್ಪು ಸಿಕ್ಕಿಬೀಳುತ್ತದೆ ಎಂದು ಕಾಯುತ್ತಾರೆ, ಸಿಕ್ಕಿಬೀಳುವುದಿಲ್ಲ. ಅದು ತೆರೆದ ಜಗತ್ತಿನ ಭಾಷೆ. ಪ್ರಮಾಣ ಬರೆಯದೆ ಬಿಟ್ಟರೆ “ಎಲ್ಲೋ ಇದೆ, ನನಗೆ ಗೊತ್ತಿಲ್ಲ” ಎಂದುಕೊಳ್ಳುತ್ತದೆ. ಎರಡು ದಿನಾಂಕ ಕೊಟ್ಟರೆ ತಕರಾರು ಎತ್ತಬಹುದು. ಆದರೆ ಎರಡು ಔಷಧ ಕೊಟ್ಟರೆ ಅವೆರಡೂ ಒಂದೇ ಇರಬೇಕು ಎಂದು ತೀರ್ಮಾನಿಸಿಬಿಡುತ್ತದೆ. ಇಂಥವನ್ನೆಲ್ಲ ಶಾಕಲ್‌ಗೆ ಸಾಗಿಸಿ. ಅದು 2017ರಿಂದ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸು, ಪರಿಶೀಲನೆಗೆಂದೇ ಇರುವಂಥದ್ದು. ದತ್ತಾಂಶ ಒಳಬರುವಾಗ ಒಮ್ಮೆ ಓಡಿದರೆ ಸಾಕು, ಕ್ವೆರಿಯ ಸಮಯಕ್ಕೆ ಹೊರೆಯಿಲ್ಲ.

ಹೀಗೆ ಸೋಸಿದ ಮೇಲೆ ಉಳಿಯುವ ಆಂಟಾಲಜಿ ಬಹುತೇಕ ಇಎಲ್ ಆಗಿರುತ್ತದೆ. ಅದನ್ನು ಇಎಲ್‌ಕೆ ರೀಸನರ್‌ಗೆ ಕೊಡಿ. ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಗಳ ಆಂಟಾಲಜಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ. ಅದನ್ನೇ ಇಎಲ್‌ಕೆ ಸಾಮಾನ್ಯ ಯಂತ್ರದಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ವಿಂಗಡಿಸುತ್ತದೆ. 4,200 ಅದಕ್ಕೆ ಏನೂ ಅಲ್ಲ. ಎಚ್ಚರ ವಹಿಸಬೇಕಾದ ಒಂದು ಕಡೆ: ತನಗೆ ಅರ್ಥವಾಗದ ಆಕ್ಸಿಯಂ ಕಂಡರೆ ಇಎಲ್‌ಕೆ ನಿಲ್ಲುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಲಾಗ್ ಓದದಿದ್ದರೆ ಉತ್ತರ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ವಿಲೋಮ ಸಂಬಂಧ ಬೇಕೇಬೇಕು ಅನ್ನಿಸಿದರೆ (“ರೋಗ ತಗಲುವ ಬೆಳೆ” ಮತ್ತು “ಬೆಳೆಗೆ ತಗಲುವ ರೋಗ”) ಆಂಟಾಲಜಿಯಲ್ಲಿ ಬೇಡ, ದತ್ತಾಂಶದ ಮೇಲಿನ ರೂಲ್ ಆಗಿ ಬರೆಯಿರಿ. ಅಥವಾ ಏನೂ ಮಾಡಬೇಡಿ: ಸ್ಪಾರ್ಕಲ್ ಎಂಬ ಕ್ವೆರಿ ಭಾಷೆಯಲ್ಲಿ ಅದೇ ಸಂಬಂಧವನ್ನು ಬಲದಿಂದ ಎಡಕ್ಕೆ ಓದಬಹುದು, ಇಂಡೆಕ್ಸ್ ಹೇಗೂ ಇದೆ.

ತೋಟದ_ಗ್ರಾಫ್

ಇಬ್ಬರಿಗೂ ಧನ್ಯವಾದ. ಹೀಪ್ ಮತ್ತು ಸರಣಿಯ ಮಾತು ಸ್ಪಷ್ಟ. ಎರಡು ಅನುಮಾನ. ಅಳತೆ ಒಂದು ಕಡೆ, ಆಂಟಾಲಜಿ ಒಂದು ಕಡೆ, ಶಾಕಲ್ ಇನ್ನೊಂದು ಕಡೆ ಆದರೆ ಒಂದೇ ನಿಜ ಮೂರು ಜಾಗದಲ್ಲಿ ಹಂಚಿಹೋಗಿ, ಕಾಲಕ್ರಮೇಣ ಒಂದಕ್ಕೊಂದು ತಾಳೆ ತಪ್ಪುವುದಿಲ್ಲವೇ? ಮತ್ತೆ, ಇಷ್ಟೆಲ್ಲ ಬದಲು ಎಲ್ಲವನ್ನೂ ವೆಕ್ಟರ್ (ಅರ್ಥವನ್ನು ಹಿಡಿದಿಡುವ ಅಂಕಿಗಳ ಸಾಲು) ಮಾಡಿ ಒಂದು ಭಾಷಾ ಮಾದರಿಯ ಹಿಂದೆ ಇಟ್ಟರೆ ಅದೂ ಸಾರ್ವತ್ರಿಕ ನಿರೂಪಣೆಯೇ ಅಲ್ಲವೇ?

ಮೂಲಪ್ರತಿ

ಮೊದಲ ಅನುಮಾನ ನ್ಯಾಯವಾದದ್ದು. ಮೇಲಿನ ಎರಡೂ ಉತ್ತರಗಳಲ್ಲಿ ನನಗೆ ಕೊರತೆ ಕಂಡದ್ದು ಅಲ್ಲೇ. ಬೇರ್ಪಡಿಸುವುದಕ್ಕೆ ಮುಂಚೆ ಯಾವುದು ಮೂಲ, ಯಾವುದು ಅದರಿಂದ ಹುಟ್ಟಿಸಿದ್ದು ಎಂದು ತೀರ್ಮಾನ ಆಗಬೇಕು. ಆಗದಿದ್ದರೆ ಆರು ತಿಂಗಳಲ್ಲಿ ಯಾವ ಪ್ರತಿ ನಂಬಬೇಕೆಂದು ತಿಳಿಯದ ಸ್ಥಿತಿ ಬರುತ್ತದೆ.

ಇದು ಹಳೆಯ ಪಾಠ. 1969ರಲ್ಲೇ ಕೃತಕ ಬುದ್ಧಿಮತ್ತೆಯ ಸಂಶೋಧಕರಾದ ಮೆಕಾರ್ತಿ ಮತ್ತು ಹೇಯ್ಸ್ ಎರಡು ಬಗೆಯ ಸಮರ್ಪಕತೆಯನ್ನು ಬೇರೆ ಮಾಡಿ ಹೇಳಿದ್ದರು: ಜಗತ್ತಿನ ಬಗ್ಗೆ ಇರುವ ತಿಳಿವಳಿಕೆಯನ್ನು ಹೇಳಲು ಭಾಷೆಗೆ ಶಕ್ತಿ ಇದೆಯೇ ಎಂಬುದು ಒಂದು, ಆ ತಿಳಿವಳಿಕೆಯಿಂದ ಉತ್ತರ ತೆಗೆಯುವ ದಾರಿ ಆ ರೂಪದಲ್ಲಿ ಇದೆಯೇ ಎಂಬುದು ಇನ್ನೊಂದು. ಒಂದೇ ರೂಪ ಎರಡನ್ನೂ ಪೂರೈಸಬೇಕು ಎಂದು ಹಟ ಹಿಡಿದಾಗಲೇ ಕೆಲಸ ಕೆಡುವುದು. ಡಗ್ ಲೆನಾಟ್ 1984ರಲ್ಲಿ ಶುರುಮಾಡಿದ, ಸಾಮಾನ್ಯ ಜ್ಞಾನವನ್ನು ತರ್ಕದಲ್ಲಿ ಬರೆಯುವ ಸೈಕ್ ಯೋಜನೆ ಇದನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿತು. ಅವರು ಕಂಡುಕೊಂಡ ದಾರಿ: ಬರೆಯುವವರಿಗೆ ಒಂದು ಸ್ತರ, ಸೈಕ್‌ಎಲ್ ಎಂಬ ಸಮೃದ್ಧ ತರ್ಕಭಾಷೆ, ಅಲ್ಲಿ ವೇಗದ ಚಿಂತೆಯೇ ಇಲ್ಲ. ಕೆಳಗೆ ಇನ್ನೊಂದು ಸ್ತರ. ಅಲ್ಲಿ ಅದೇ ವಾಕ್ಯಗಳು ಬೇರೆ ಬೇರೆ ದತ್ತಾಂಶ ರಚನೆಗಳಾಗಿ ಇರುತ್ತವೆ, ಒಂದೊಂದು ಬಗೆಯ ಪ್ರಶ್ನೆಗೆ ಒಂದೊಂದು ವಿಶೇಷ ಘಟಕ. ಅಂಥ ಘಟಕಗಳ ಸಂಖ್ಯೆ ಸಾವಿರ ದಾಟಿತು. ಎಲ್ಲವನ್ನೂ ಒಂದೇ ಸಾಮಾನ್ಯ ಪ್ರಮೇಯ ಸಾಧಕಕ್ಕೆ ಒಪ್ಪಿಸುವುದು ಕೊನೆಯ ಆಯ್ಕೆ. ಜೊತೆಗೆ ಮೈಕ್ರೊಥಿಯರಿಗಳು: ಒಂದು ಪ್ರಶ್ನೆಗೆ ಸಂಬಂಧಪಟ್ಟ ಸಂದರ್ಭದ ವಾಕ್ಯಗಳು ಮಾತ್ರ ಕಣ್ಣಿಗೆ ಬೀಳುವಂತೆ ಮಾಡುವ ವಿಂಗಡಣೆ.

ನಿಮ್ಮ ಗಾತ್ರಕ್ಕೆ ಸಾವಿರ ಘಟಕ ಬೇಡ, ಮೂರು ನಾಲ್ಕು ಸಾಕು. ಮೂಲ ಎಂದರೆ ಜನ ಕೈಯಿಂದ ಬರೆದು ತಿದ್ದುವ ಆಂಟಾಲಜಿ, ಶಿಫಾರಸುಗಳು, ಶಾಕಲ್ ಆಕಾರಗಳು (ಪರಿಶೀಲನೆಯ ನಿಯಮಗಳು). ಇವೆಲ್ಲ ಪಠ್ಯ ಕಡತಗಳಾಗಿ ಗಿಟ್‌ನಲ್ಲಿ (ಬದಲಾವಣೆಗಳ ಇತಿಹಾಸ ಇಡುವ ಸಾಧನ) ಇರಲಿ. ಕೇಂದ್ರಗಳಿಂದ ಬಂದ ಕಚ್ಚಾ ಕಡತಗಳೂ ಮೂಲ; ಬಂದ ಹಾಗೇ ಇಡಿ, ತಿದ್ದಬೇಡಿ. ಉಳಿದದ್ದೆಲ್ಲ, ಅಂದರೆ ಟಿಡಿಬಿ2, ಅಳತೆಯ ಟೇಬಲ್, ಅನುಕೂಲ ಹವೆಯ ಘಟನೆಗಳು, ವಿಂಗಡಣೆಯ ಫಲಿತಾಂಶ, ಒಂದೇ ಆಜ್ಞೆಗೆ ಮೊದಲಿಂದ ಹುಟ್ಟಬೇಕು. ಹುಟ್ಟಿದ ಪ್ರತಿಯಲ್ಲಿ ಯಾರೂ ಕೈಯಾಡಿಸಬಾರದು. ತಿದ್ದುಪಡಿ ಮೂಲದಲ್ಲಿ ಮಾತ್ರ. ಈ ಶಿಸ್ತು ಇದ್ದರೆ ತಾಳೆ ತಪ್ಪಿದರೂ ಮತ್ತೆ ಕಟ್ಟಿದ ತಕ್ಷಣ ಸರಿಯಾಗುತ್ತದೆ.

ಮೂಲದ ಗುರುತಿಗೆ ನೇಮ್ಡ್ ಗ್ರಾಫ್ ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಅದು 20 ಲಕ್ಷ ಟ್ರಿಪಲ್‌ಗೆ ಇರಲಿ. ಅಳತೆಯ ಮೂಲ ಟೇಬಲಿನ ಕೇಂದ್ರ ಸಂಖ್ಯೆಯಲ್ಲೇ ಇದೆ, ಅದನ್ನು ಮತ್ತೆ ಹೇಳುವುದು ದಂಡ.

ಏನನ್ನು ತರ್ಕಕ್ಕೆ ಒಡೆಯಬೇಕು, ಏನನ್ನು ಒಡೆಯಬಾರದು ಎಂಬುದಕ್ಕೂ ಒಂದು ಮಾತು. ಶೇ. 1ರ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಮುಂಗಾರು ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಮತ್ತೊಂದು ಸಲ. ಇದನ್ನು “ಬೋರ್ಡೋ ಕೊಳೆರೋಗವನ್ನು ತಡೆಯುತ್ತದೆ” ಎಂಬ ಒಂದೇ ಟ್ರಿಪಲ್‌ಗೆ ಇಳಿಸಿದರೆ ಪ್ರಮಾಣ, ಕಾಲ, ಅಂತರ ಎಲ್ಲ ಕಳೆದುಹೋಗುತ್ತವೆ. “ಶಿಫಾರಸು” ಎಂಬ ಒಂದು ನೋಡ್ ಮಾಡಿ ಬೆಳೆ, ರೋಗ, ಔಷಧ, ಪ್ರಮಾಣ, ಮೊದಲ ಅವಧಿ, ಅಂತರ ಇವನ್ನು ಅದಕ್ಕೆ ಕಟ್ಟಿ. ಎಂಟು ಹತ್ತು ಟ್ರಿಪಲ್ ಆಗುತ್ತವೆ. ಅಂತರ ಅಂಕಿಯಾಗಿ ಇರಲೇಬೇಕು, ಏಕೆಂದರೆ ಎರಡನೇ ಸಿಂಪಡಣೆಯ ಸಮಯ ಬಂತೇ ಎಂದು ತಿಳಿಯುವುದು ಅದರಿಂದಲೇ. ಆದರೆ “ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು” ಎಂಬುದನ್ನು ಪಾತ್ರೆ, ಲೋಹ, ಕ್ರಿಯೆ, ಅನುಕ್ರಮ ಎಂದು ಕ್ಲಾಸ್‌ಗಳಾಗಿ ಒಡೆಯಬೇಕಿಲ್ಲ. ಅದು ರೈತರಿಗೆ ತೋರಿಸುವ ಮಾತು. ಅದರ ಮೇಲೆ ಯಾವ ಪ್ರಶ್ನೆಯೂ ತರ್ಕ ನಡೆಸುವುದಿಲ್ಲ. ಒಂದು ಸ್ಟ್ರಿಂಗ್ ಆಗಿ ಶಿಫಾರಸಿಗೆ ಅಂಟಿಸಿ. ಯಾವ ಕ್ವೆರಿಯೂ ಮುಟ್ಟದ ರಚನೆಗೆ ಹಾಕಿದ ಶ್ರಮ ನಿರ್ವಹಣೆಯ ಹೊರೆಯಾಗಿಯೇ ಉಳಿಯುತ್ತದೆ. ನಾಳೆ ಬೇಕಾದರೆ ಮೂಲ ಪಠ್ಯ ಇದ್ದೇ ಇದೆ, ಆಗ ಒಡೆದರಾಯಿತು.

ನಿಗಮನ

ಮೂಲಪ್ರತಿ ಅವರ ಮಾತು ಒಪ್ಪಿದೆ. ಹುಟ್ಟಿಸಿದ ಪ್ರತಿಯಲ್ಲಿ ಏನನ್ನು ಮೊದಲೇ ಬಿಡಿಸಿಟ್ಟುಕೊಳ್ಳಬೇಕು, ಏನನ್ನು ಕೇಳಿದಾಗ ಲೆಕ್ಕ ಹಾಕಬೇಕು ಎಂಬುದು ಬಾಕಿ ಇದೆ. ಎಣಿಸಿ ನೋಡದೆ ನಿರ್ಧರಿಸಿದರೆ ಇಲ್ಲೇ ಕೈ ಸುಡುತ್ತದೆ.

ಊರಿನ ಶ್ರೇಣಿ ತೆಗೆದುಕೊಳ್ಳಿ: ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ. ಗ್ರಾಮವೊಂದಕ್ಕೆ ಮೇಲಿನವು ನಾಲ್ಕೇ. ಕರ್ನಾಟಕದ ಸುಮಾರು 29 ಸಾವಿರ ಗ್ರಾಮಗಳಿಗೂ “ಒಳಗಿದೆ” ಸಂಬಂಧವನ್ನು ಪೂರ್ತಿ ಬಿಡಿಸಿಟ್ಟರೂ 1.2 ಲಕ್ಷದ ಹತ್ತಿರ. ಬಿಡಿಸಿಡಿ, ಕ್ವೆರಿ ಹಗುರವಾಗುತ್ತದೆ. ಆದರೆ ಉದ್ದ ಸರಪಳಿ ಬೇರೆ ಲೆಕ್ಕ: 1,000 ಕೊಂಡಿಯ ಸರಪಳಿಯನ್ನು ಬಿಡಿಸಿದರೆ 5 ಲಕ್ಷದ ಆಸುಪಾಸು ಜೋಡಿ. ಇನ್ನೂ ಕೆಟ್ಟದ್ದು “ಪಕ್ಕದ ತೋಟ”. ಯಾರೋ ಅದನ್ನು ಸಿಮ್ಮೆಟ್ರಿಕ್ (ಎರಡೂ ದಿಕ್ಕಿಗೆ ನಿಜ) ಜೊತೆಗೆ ಟ್ರಾನ್ಸಿಟಿವ್ (ಸರಪಳಿಯುದ್ದಕ್ಕೂ ನಿಜ) ಎಂದೂ ಗುರುತು ಹಾಕಿದರೆ, ಒಂದಕ್ಕೊಂದು ತಾಗಿದ 5,000 ತೋಟಗಳು ಎಲ್ಲವೂ ಎಲ್ಲದರ ಪಕ್ಕದವಾಗಿ 2.5 ಕೋಟಿ ಟ್ರಿಪಲ್ ಹುಟ್ಟುತ್ತವೆ. ಪಕ್ಕ ಎಂಬುದು ಟ್ರಾನ್ಸಿಟಿವ್ ಅಲ್ಲವೇ ಅಲ್ಲ. ಆ ಗುರುತು ಇದ್ದರೆ ಮೊದಲು ತೆಗೆಯಿರಿ.

ಎರಡು ನೋಡ್ ಒಂದೇ ಎಂದು ಹೇಳುವ ಸೇಮ್‌ಆಸ್ ಸಂಬಂಧ ಇನ್ನೊಂದು ಗುಂಡಿ. ಅಡಿಕೆ, ಅಡಕೆ, ಅರೆಕಾ ಕ್ಯಾಟೆಚು ಮುಂತಾದ ಆರು ಹೆಸರಿಗೆ ಆರು ನೋಡ್ ಮಾಡಿ ಸೇಮ್‌ಆಸ್‌ನಿಂದ ಕಟ್ಟಿದರೆ ಅವುಗಳ ನಡುವೆಯೇ 36 ಟ್ರಿಪಲ್. ರೋಗಕ್ಕೆ ನಾಲ್ಕು ನೋಡ್ ಇದ್ದರೆ ಅವೆರಡರ ನಡುವಿನ ಪ್ರತಿಯೊಂದು ಮಾತೂ 24 ಪ್ರತಿಯಾಗುತ್ತದೆ. ಇವು ಆರು ವಸ್ತುಗಳಲ್ಲ, ಒಂದು ವಸ್ತುವಿನ ಆರು ಲೇಬಲ್. ಒಂದೇ ನೋಡ್ ಇಟ್ಟು ಉಳಿದವನ್ನು ಸ್ಕಾಸ್ ಎಂಬ ಪದಕೋಶ ಮಾದರಿಯ ಪರ್ಯಾಯ ಲೇಬಲ್ ಮಾಡಿ. ಬೇರೆ ಸಂಗ್ರಹದಿಂದ ಬಂದ ನಿಜವಾದ ನಕಲು ನೋಡ್‌ಗಳಿದ್ದರೆ ತುಂಬುವ ಮೊದಲೇ ಯೂನಿಯನ್-ಫೈಂಡ್ ಎಂಬ ಗುಂಪು ಮಾಡುವ ಕ್ರಮದಿಂದ ಗುಂಪಿಗೊಂದು ಪ್ರತಿನಿಧಿ ಆರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ.

ಬಿಡಿಸಿಟ್ಟದ್ದಕ್ಕೆ ನಿಜವಾದ ಸುಂಕ ಕಟ್ಟುವುದು ಅಳಿಸುವಾಗ. ಒಂದು ಮೂಲ ಟ್ರಿಪಲ್ ಹೋದರೆ ಅದರಿಂದ ಹುಟ್ಟಿದ್ದೆಲ್ಲ ಹೋಗಬೇಕು, ಆದರೆ ಬೇರೆ ದಾರಿಯಿಂದಲೂ ಹುಟ್ಟಬಲ್ಲದ್ದು ಉಳಿಯಬೇಕು. 1993ರ ಡಿರೆಡ್ ಕ್ರಮ ಮೊದಲು ಅಗತ್ಯಕ್ಕಿಂತ ಹೆಚ್ಚು ಅಳಿಸಿ, ಆಮೇಲೆ ಮತ್ತೆ ಹುಟ್ಟಿಸುತ್ತದೆ. ಟ್ರಾನ್ಸಿಟಿವ್ ಸಂಬಂಧಗಳಲ್ಲಿ ಅದು ಅರ್ಧ ಗ್ರಾಫನ್ನೇ ಅಳಿಸಿ ಕಟ್ಟಿದಂತಾಗಬಹುದು. ನಿಮ್ಮಲ್ಲಿ 20 ಲಕ್ಷ ಟ್ರಿಪಲ್ ಅಷ್ಟೇ ಆದ್ದರಿಂದ ಈ ಜಾಣತನ ಬೇಡ. ರಾತ್ರಿಗೊಮ್ಮೆ ಪೂರ್ತಿ ಹೊಸದಾಗಿ ಕಟ್ಟಿ.

“ಎರಡನೇ ಸಿಂಪಡಣೆ ಆಗದ” ಎಂಬುದನ್ನು ಔಲ್‌ನಿಂದ ನಿರೀಕ್ಷಿಸಬೇಡಿ, ಅದು ಎಂದೂ ಹೇಳುವುದಿಲ್ಲ. ದಾಖಲೆ ಇಲ್ಲ ಅಂದರೆ ಆಗಿಲ್ಲ ಎಂದು ಹಿಡಿಯುವುದು ಮುಚ್ಚಿದ ಜಗತ್ತಿನ ತರ್ಕ. ಸ್ಪಾರ್ಕಲ್‌ನ ನಾಟ್-ಎಗ್ಸಿಸ್ಟ್ಸ್‌ನಲ್ಲಿ (“ಇಂಥದ್ದು ಇಲ್ಲ” ಎಂಬ ಷರತ್ತು) ಬರೆಯಿರಿ, ಅಥವಾ ರೂಲ್‌ಗಳು ಹೆಚ್ಚಾದರೆ ಸ್ತರೀಕೃತ (ಹಂತಹಂತವಾಗಿ ಲೆಕ್ಕ ಹಾಕುವ) ನಿಷೇಧ ಇರುವ ಡೇಟಾಲಾಗ್ ಎಂಬ ರೂಲ್ ಭಾಷೆಯಲ್ಲಿ. ರೈತರಿಗೆ ತೋರಿಸುವಾಗ “ಸಿಂಪಡಣೆ ಆಗಿಲ್ಲ” ಅನ್ನಬೇಡಿ, “ಸಿಂಪಡಣೆಯ ದಾಖಲೆ ಇಲ್ಲ” ಎನ್ನಿ. ಆಗಿದ್ದರೂ ಬರೆಸದೇ ಇರಬಹುದು. ಮೈಲುತುತ್ತ ಅನಗತ್ಯವಾಗಿ ಮತ್ತೆ ಬಿದ್ದರೆ ಖರ್ಚು, ಕೂಲಿ, ಮಣ್ಣು ಮೂರಕ್ಕೂ ನಷ್ಟ.

ಎಳೆಎಳೆ

ಕ್ವೆರಿಯ ವಿಷಯ ಯಾರೂ ಎತ್ತಲಿಲ್ಲ. 20 ಲಕ್ಷ ಟ್ರಿಪಲ್ ಮೇಲೂ ಕೆಟ್ಟ ಕ್ವೆರಿ 40 ಸೆಕೆಂಡ್ ತಿನ್ನಬಲ್ಲದು.

ಮೊದಲು ಟಿಡಿಬಿ2ಗೆ ಅಂಕಿಅಂಶದ ಕಡತ ಮಾಡಿಕೊಡಿ. ಅದಕ್ಕೆ ಸ್ಟ್ಯಾಟ್ಸ್ ಎಂಬ ಆಜ್ಞೆಯೇ ಇದೆ. ಆ ಕಡತ ಇಲ್ಲದಿದ್ದರೆ ಅದು ಸ್ಥಿರ ನಿಯಮಗಳಿಂದ ಜೋಡಣೆಯ ಕ್ರಮ ಊಹಿಸುತ್ತದೆ. ಯಾವ ಪ್ರಾಪರ್ಟಿ ಲಕ್ಷ ಸಲ ಬಂದಿದೆ, ಯಾವುದು ಹತ್ತು ಸಲ ಎಂದು ಅದಕ್ಕೆ ತಿಳಿಯದು. ಕಡತ ತಾನಾಗಿ ಹೊಸದಾಗುವುದಿಲ್ಲ, ರಾತ್ರಿ ಕಟ್ಟಿದ ಮೇಲೆ ಪ್ರತಿ ಸಲವೂ ಮಾಡಬೇಕು. ಆಮೇಲೆ ಕ್ವೆರಿಯಲ್ಲಿ ಅತಿ ಕಡಿಮೆ ಫಲ ಕೊಡುವ ತುದಿಯಿಂದ ಶುರುಮಾಡಿ: ತಾಲ್ಲೂಕು ಗೊತ್ತು, ಅಲ್ಲಿಂದ ಕೇಂದ್ರ, ಕೇಂದ್ರದಿಂದ ಘಟನೆ, ಘಟನೆಯಿಂದ ತೋಟ. “ಎಲ್ಲ ತೋಟಗಳೂ” ಎಂಬ ಟೈಪ್ ಸಾಲಿನಿಂದ ಶುರುಮಾಡಬೇಡಿ. ಒಂದು ಸಂಬಂಧವನ್ನು ಎಷ್ಟು ಸಲ ಬೇಕಾದರೂ ಹಿಂಬಾಲಿಸುವ, ನಕ್ಷತ್ರ ಚಿಹ್ನೆಯ ಪ್ರಾಪರ್ಟಿ ಪಾತ್ ಇದ್ದರೆ ಅದರ ಒಂದು ತುದಿಯಾದರೂ ಮೊದಲೇ ಗೊತ್ತಿರುವ ನೋಡ್ ಆಗಿರಲಿ. ಎರಡೂ ತುದಿ ತೆರೆದಿದ್ದರೆ ಅದು ಇಡೀ ಗ್ರಾಫ್ ಸುತ್ತುತ್ತದೆ. ದಿನಾಂಕವನ್ನು ಫಿಲ್ಟರ್‌ನಲ್ಲಿ ಹೋಲಿಸುವ ಬದಲು ಘಟನೆಗೆ “ವಾರ” ಎಂಬ ಒಂದು ನೋಡ್ ಕಟ್ಟಿದರೆ ಇಂಡೆಕ್ಸ್‌ನಿಂದಲೇ ಬಹುಪಾಲು ಸೋಸಿಹೋಗುತ್ತದೆ.

ಮಿತಿಯನ್ನೂ ಹಾಕಿ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ಎಂಬ ಜ್ಞಾನಗ್ರಾಫಿನ ಸಾರ್ವಜನಿಕ ಕ್ವೆರಿ ಸೇವೆ 60 ಸೆಕೆಂಡಿಗೆ ಕತ್ತರಿಸುತ್ತದೆ. ಅಷ್ಟು ಸಾಲದೆ 2025ರಲ್ಲಿ ವಿದ್ವತ್ ಲೇಖನಗಳ ಭಾಗವನ್ನೇ ಬೇರೆ ಗ್ರಾಫ್ ಮಾಡಬೇಕಾಯಿತು. ಜಗತ್ತಿನ ಎಲ್ಲವನ್ನೂ ಒಂದೇ ಕಡೆ ಇಡಲು ಹೊರಟ ಯೋಜನೆಯೇ ಹಾಗೆ ವಿಂಗಡಿಸಿಕೊಂಡಿದೆ ಎಂದಮೇಲೆ ನೀವು ಅಳತೆಯ ಸರಣಿಯನ್ನು ಹೊರಗಿಡಲು ಸಂಕೋಚ ಪಡಬೇಕಿಲ್ಲ. ನಿಮ್ಮ ಸಲಹೆಯ ಪರದೆಗೆ 5 ಸೆಕೆಂಡ್ ಮಿತಿ ಇಡಿ, ದಾಟಿದ ಕ್ವೆರಿಗಳನ್ನು ಬರೆದಿಡಿ. ವಾರದ ಕೊನೆಯಲ್ಲಿ ಆ ಪಟ್ಟಿ ನೋಡಿದರೆ ಮುಂದೆ ಏನನ್ನು ಬಿಡಿಸಿಡಬೇಕು ಎಂದು ಗೊತ್ತಾಗುತ್ತದೆ.

ವೆಕ್ಟರ್ ಬಗ್ಗೆ: ಹೌದು, ಅದೂ ಸಾರ್ವತ್ರಿಕವೇ, ಯಾವ ವಾಕ್ಯ ಕೊಟ್ಟರೂ ನುಂಗುತ್ತದೆ. ಆದರೆ ಅದು ಹೇಳುವುದು ಹತ್ತಿರ ದೂರ ಮಾತ್ರ. “40 ದಿನ ಆಯಿತು” ಮತ್ತು “14 ದಿನ ಆಯಿತು” ಎಂಬ ವಾಕ್ಯಗಳು ವೆಕ್ಟರ್ ಜಾಗದಲ್ಲಿ ಅಕ್ಕಪಕ್ಕ ಕೂರುತ್ತವೆ. ನಿಮ್ಮ ತೋಟಕ್ಕೆ ಆ ವ್ಯತ್ಯಾಸವೇ ಎಲ್ಲ. “ದಾಖಲೆ ಇಲ್ಲದ ತೋಟಗಳೆಲ್ಲ” ಎಂಬ ಪಟ್ಟಿಯೂ ಅದರಿಂದ ಪೂರ್ತಿ ಬರುವುದಿಲ್ಲ, ಅತಿ ಹತ್ತಿರದ ಒಂದಿಷ್ಟು ಬರುತ್ತವೆ. ಅದರ ಸರಿಯಾದ ಜಾಗ ಬಾಗಿಲಲ್ಲಿ. ರೈತರು “ಅಡ್ಕೆ ಕಾಯಿ ಉದುರ್ತಾ ಇದೆ, ಬುಡದಲ್ಲಿ ಬಿಳಿ ಬೂಷ್ಟು” ಎಂದು ಬರೆದರೆ, ಆ ಮಾತಿಗೆ ಹತ್ತಿರದ ಲೇಬಲ್‌ಗಳನ್ನು ಹುಡುಕಿ ಐದಾರು ನೋಡ್ ಮುಂದಿಡಲಿ. ಅಲ್ಲಿಂದ ಮುಂದೆ ಗ್ರಾಫ್. ಖರ್ಚೂ ತಡೆಯುತ್ತದೆ: 1,024 ಅಂಕಿಯ ವೆಕ್ಟರ್‌ಗೆ ತಲಾ 4 ಬೈಟ್, ಅಂದರೆ 4 ಕೆಬಿ. 4,200 ಕ್ಲಾಸ್‌ಗೆ ತಲಾ ಐದು ಲೇಬಲ್ ಹಿಡಿದರೂ 21,000 ವೆಕ್ಟರ್, 90 ಎಂಬಿ ದಾಟುವುದಿಲ್ಲ. ಆ ಗಾತ್ರಕ್ಕೆ ವಿಶೇಷ ಇಂಡೆಕ್ಸ್ ಕೂಡ ಬೇಡ, ಒಂದೊಂದಾಗಿ ಹೋಲಿಸಿದರೂ ಕ್ಷಣದಲ್ಲಿ ಮುಗಿಯುತ್ತದೆ. ಅದೇ 1.26 ಕೋಟಿ ಅಳತೆಗಳನ್ನು ವೆಕ್ಟರ್ ಮಾಡಿದರೆ 50 ಜಿಬಿ, ಉಪಯೋಗ ಸೊನ್ನೆ.

ತೋಟದ_ಗ್ರಾಫ್

ದಾರಿ ಕಾಣುತ್ತಿದೆ. ಕೊನೆಯ ಪ್ರಶ್ನೆ: ಹರ್ಮಿಟ್ ಬಿಟ್ಟು ಇಎಲ್‌ಕೆ, ರೂಲ್, ಟೇಬಲ್ ಎಂದು ಒಡೆದಾಗ ಯಾವ ಉತ್ತರವೂ ಸದ್ದಿಲ್ಲದೆ ಕಳೆದುಹೋಗಿಲ್ಲ ಎಂದು ಪರೀಕ್ಷಿಸುವುದು ಹೇಗೆ?

ನಿಗಮನ

ಹರ್ಮಿಟ್ ಅನ್ನು ಬಿಸಾಡಬೇಡಿ, ಪರೀಕ್ಷಕನಾಗಿ ಇಟ್ಟುಕೊಳ್ಳಿ. ಒಂದು ತಾಲ್ಲೂಕು, ಎರಡು ಮೂರು ಕೇಂದ್ರ, ಒಂದೇ ತಿಂಗಳು ಇಷ್ಟರ ತುಣುಕು ಕತ್ತರಿಸಿ. ಅಷ್ಟನ್ನು ಹಳೆಯ ಪೂರ್ಣ ಆಂಟಾಲಜಿಯ ಜೊತೆ ಹರ್ಮಿಟ್ ತಾಳಬಲ್ಲದು. ತಾಳದಿದ್ದರೆ ಅಳತೆಗಳನ್ನು ಬಿಟ್ಟು ಘಟನೆಗಳನ್ನು ಮಾತ್ರ ಕೊಡಿ. ಪರದೆಯಲ್ಲಿ ನಿಜವಾಗಿ ಬಳಕೆಯಾಗುವ 40, 50 ಕ್ವೆರಿಗಳನ್ನು ಎರಡೂ ಕಡೆ ಓಡಿಸಿ, ಉತ್ತರಗಳನ್ನು ವಿಂಗಡಿಸಿ ಹೋಲಿಸಿ.

ಹೊಸದರಲ್ಲಿ ಉತ್ತರ ಕಡಿಮೆ ಇದ್ದರೆ ಯಾವುದೋ ಆಕ್ಸಿಯಂ ಇಎಲ್‌ಗೆ ಇಳಿಸುವಾಗ ಬಿದ್ದುಹೋಗಿದೆ. ಇಎಲ್‌ಕೆ ಲಾಗ್ ಮತ್ತು ರೋಬಾಟ್ ಪಟ್ಟಿ ನೋಡಿ. ಹೆಚ್ಚು ಇದ್ದರೆ ತಪ್ಪು ಸಾಮಾನ್ಯವಾಗಿ ರೂಲ್‌ನಲ್ಲಿ ಅಥವಾ ಪ್ರತಿನಿಧಿ ಆರಿಸುವಾಗ ಎರಡು ಬೇರೆ ವಸ್ತುಗಳು ಒಂದಾದದ್ದರಲ್ಲಿ. ನಾಟ್-ಎಗ್ಸಿಸ್ಟ್ಸ್ ಇರುವ ಕ್ವೆರಿಗಳಲ್ಲಿ ಇದು ತಲೆಕೆಳಗಾಗುತ್ತದೆ ಎಂಬುದು ನೆನಪಿರಲಿ: ಅಲ್ಲಿ ಒಂದು ನಿರ್ಣಯ ಕಳೆದುಹೋದರೆ ಉತ್ತರ ಹೆಚ್ಚಾಗುತ್ತದೆ. ನಿಮ್ಮ ಮುಖ್ಯ ಕ್ವೆರಿಯೇ ಆ ಬಗೆಯದು, ಅದನ್ನು ಎರಡು ಭಾಗ ಮಾಡಿ ಬೇರೆ ಬೇರೆಯಾಗಿ ಹೋಲಿಸಿ.

ಈ ಹೋಲಿಕೆ ರಾತ್ರಿಯ ಕಟ್ಟುವಿಕೆಯ ಕೊನೆಯ ಹೆಜ್ಜೆಯಾಗಲಿ. ಹೊಸ ಡೇಟಾಬೇಸ್ ಬೇರೆ ಡೈರೆಕ್ಟರಿಯಲ್ಲಿ ಕಟ್ಟಿ, ಹೋಲಿಕೆ ತೇರ್ಗಡೆಯಾದರೆ ಮಾತ್ರ ಸರ್ವರನ್ನು ಅದಕ್ಕೆ ತಿರುಗಿಸಿ, ಹಳೆಯದನ್ನು ಎರಡು ದಿನ ಇಟ್ಟುಕೊಳ್ಳಿ. ವೇಗ ಅಳೆಯುವಾಗ ಸರ್ವರ್ ತಿರುಗಿಸಿದ ತಕ್ಷಣದ ಮೊದಲ ಓಟ ಮತ್ತು ಹತ್ತನೇ ಓಟ ಎರಡನ್ನೂ ಬರೆದುಕೊಳ್ಳಿ. ಮೊದಲನೆಯದರಲ್ಲಿ ಕ್ಯಾಶ್ ಇನ್ನೂ ತುಂಬಿರದೇ ಇರಬಹುದು. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೋಗುವ ಮುಂಚೆ ಫೋನ್ ನೋಡುವವರಿಗೆ ಸಿಗುವುದು ಅದೇ ಮೊದಲ ಓಟ, ಆದ್ದರಿಂದ ತಿರುಗಿಸಿದ ಮೇಲೆ ಆ 50 ಕ್ವೆರಿಗಳನ್ನು ಒಮ್ಮೆ ನೀವೇ ಓಡಿಸಿ ಬಿಸಿ ಮಾಡಿಡಿ.